ಸೂಜಿಗೆ ಮುಂಚೆ ಎರಡು ಬೆಳಗು

ದುಬಾರೆಯ ಆನೆ ಶಿಬಿರ ಕುಶಾಲನಗರದಿಂದ ಸುಮಾರು 15 ಕಿಲೋಮೀಟರ್. ಅಲ್ಲಿನ ಗಂಡಾನೆಗೆ ಮದ ಬಂದಿದೆಯೇ ಎಂದು ತಿಳಿಯಲು ಮಾವುತರಿಗೆ ಯಾವ ರಕ್ತಪರೀಕ್ಷೆಯೂ ಬೇಕಿಲ್ಲ. ಕಣ್ಣಿಗೂ ಕಿವಿಗೂ ನಡುವಿನ ಗ್ರಂಥಿ ಊದಿಕೊಂಡು ಅಲ್ಲಿಂದ ಜಿಡ್ಡಾದ ಕಪ್ಪು ದ್ರವ ಕೆನ್ನೆಗುಂಟ ಇಳಿಯುತ್ತದೆ. ಮೂತ್ರ ತೊಟ್ಟಿಕ್ಕುತ್ತಲೇ ಇದ್ದು ಹಿಂಗಾಲುಗಳ ಒಳಬದಿ ಒದ್ದೆಯಾಗಿರುತ್ತದೆ. ಮೊನ್ನೆಯವರೆಗೂ ಸೊಂಡಿಲು ಎತ್ತಿ ರಾಗಿಮುದ್ದೆ ತಿನ್ನುತ್ತಿದ್ದ ಆನೆ ಕಾವಾಡಿಯನ್ನೂ ಹತ್ತಿರ ಬಿಡುವುದಿಲ್ಲ. ಆಗ ಅದನ್ನು ದೂರದಲ್ಲಿ ಸರಪಳಿ ಹಾಕಿ ಕಟ್ಟಿ, ಮೇವು ಕಡಿಮೆ ಮಾಡಿ, ಮದ ಇಳಿಯುವವರೆಗೆ ಕಾಯುತ್ತಾರೆ. ಮೈಯಲ್ಲಿ ಕೊಬ್ಬು ಕರಗಿದರೆ ಮದವೂ ಬೇಗ ಇಳಿಯುತ್ತದೆ ಎಂಬುದು ಆನೆ ಸಾಕುವವರು ತಲೆಮಾರುಗಳಿಂದ ಕಂಡುಕೊಂಡ ಲೆಕ್ಕ. ದಸರಾ ಹತ್ತಿರ ಬಂದಾಗ ಮದದಲ್ಲಿರುವ ಆನೆ ಎಷ್ಟೇ ಅನುಭವಿಯಾಗಿದ್ದರೂ ಮೈಸೂರಿನ ಲಾರಿ ಹತ್ತುವುದಿಲ್ಲ.

ಈ ದಿನಗಳಲ್ಲಿ ಆನೆಯ ರಕ್ತದಲ್ಲಿ ಏನಾಗುತ್ತದೆ ಎಂಬುದನ್ನು 1972ರಲ್ಲಿ ಪ್ರಕಟವಾದ ಶ್ರೀಲಂಕಾದ ಸಾಕಾನೆಗಳ ಅಧ್ಯಯನವೊಂದು ತೋರಿಸಿಕೊಟ್ಟಿತು. ಜೈನುದೀನ್ ಮತ್ತು ಸಂಗಡಿಗರು ಅಳೆದು ನೋಡಿದಾಗ ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ಮಾಮೂಲಿಗಿಂತ ಹತ್ತಾರು ಪಟ್ಟು ಏರಿತ್ತು.

ಆ ಹಾರ್ಮೋನೇ ಗಂಡಸಿನ ಮೈಯಲ್ಲೂ ಇದೆ. ಆದರೆ ನಮಗೆ ಮದದ ಋತುವಿಲ್ಲ. ಮನುಷ್ಯನ ದೇಹ ಇದನ್ನು ಒಂದು ಮಿತಿಯೊಳಗೆ ಹಿಡಿದಿಟ್ಟುಕೊಳ್ಳುತ್ತದೆ. ವಯಸ್ಕ ಗಂಡಸಿನ ಒಂದು ಡೆಸಿಲೀಟರ್ ರಕ್ತದಲ್ಲಿ ಸುಮಾರು 300ರಿಂದ 1000 ನ್ಯಾನೊಗ್ರಾಂ ಇರುತ್ತದೆ. ಈ ಮಿತಿಯೊಳಗೆ 400 ಇದ್ದವನಿಗಿಂತ 800 ಇದ್ದವನು ಎರಡರಷ್ಟು ಗಂಡಸು ಎಂದೇನೂ ಇಲ್ಲ. ಹಾರ್ಮೋನನ್ನು ಶಕ್ತಿಯ ಅಳತೆಗೋಲು ಎಂದುಕೊಂಡು, ಹೆಚ್ಚು ಹಾಕಿಸಿಕೊಂಡಷ್ಟೂ ಒಳ್ಳೆಯದು ಎಂದು ನಂಬಿ ಇಂಜೆಕ್ಷನ್ ಹುಡುಕುವವರು ಹೆಚ್ಚುತ್ತಿರುವಾಗ, ನಿಜವಾಗಿಯೂ ಈ ಔಷಧ ಬೇಕಾದವರು ಮನೆಯಲ್ಲೇ ಉಳಿದುಬಿಡುತ್ತಾರೆ. ನನ್ನನ್ನು ಈ ಲೇಖನ ಬರೆಯಲು ಕೂರಿಸಿದ್ದು ಈ ಅದಲುಬದಲು.

ಕುಶಾಲನಗರ ಹೆದ್ದಾರಿಯ ಊರು. ಕೂಡ್ಲೂರಿನ ಕಾಫಿ ಕ್ಯೂರಿಂಗ್ ಘಟಕಗಳು, ಹೊಳೆಯಾಚೆ ಕೊಪ್ಪ, ಅದರಾಚೆ ಬೈಲಕುಪ್ಪೆಯ ಟಿಬೆಟನ್ ಶಿಬಿರ, ವಾರಾಂತ್ಯಕ್ಕೆ ಬೆಂಗಳೂರಿನಿಂದ ಸಾಲುಗಟ್ಟುವ ಕಾರುಗಳು. ಇಲ್ಲಿನ ಗಂಡಸರು ರಾತ್ರಿ ಲಾರಿ ಓಡಿಸುತ್ತಾರೆ, ಟ್ಯಾಕ್ಸಿ ಓಡಿಸುತ್ತಾರೆ, ತೋಟದಲ್ಲಿ ಲೆಕ್ಕ ಬರೆಯುವ ರೈಟರ್ ಆಗಿರುತ್ತಾರೆ, ಅಂಗಡಿಯ ಗಲ್ಲಾದಲ್ಲಿ ದಿನಕ್ಕೆ 12 ಗಂಟೆ ಕೂರುತ್ತಾರೆ. 40 ದಾಟಿದ ಮೇಲೆ ಡಾಕ್ಟರ ಮುಂದೆ ಕುಳಿತು ಅವರು ಹೇಳುವುದು ಹೆಚ್ಚಾಗಿ ಒಂದೇ ಮಾತು: "ಮೊದಲಿನ ಹಾಗಿಲ್ಲ, ಡಾಕ್ಟ್ರೇ." ಸುಸ್ತು, ನಿದ್ದೆಗೇಡು, ಹೆಂಡತಿಯ ಹತ್ತಿರ ಹೋಗಲು ಮನಸ್ಸಿಲ್ಲದಿರುವುದು, ಹೋದರೂ ಆಗದಿರುವುದು ಎಲ್ಲವೂ ಆ ಒಂದು ಮಾತಿನಲ್ಲೇ ಅಡಗಿರುತ್ತವೆ. ಸೈನಿಕರ ಜಿಲ್ಲೆ, ಹಾಕಿಯ ಜಿಲ್ಲೆ ಎಂದು ಹೆಸರಾದ ಕೊಡಗಿನ ನೆಲದಲ್ಲಿ ಇದನ್ನು ಬಿಡಿಸಿ ಹೇಳುವುದು ಇನ್ನೂ ಕಷ್ಟ.

ಡಾಕ್ಟರ ಬಳಿ ಹೇಳಲಾಗದ್ದನ್ನು ಬಸ್‌ಸ್ಟ್ಯಾಂಡಿನ ಗೋಡೆ ಹೇಳುತ್ತದೆ. ಪುರುಷರ ಗುಪ್ತ ಸಮಸ್ಯೆಗೆ ಗ್ಯಾರಂಟಿ ಚಿಕಿತ್ಸೆ, ತಿಂಗಳಿಗೊಮ್ಮೆ ಲಾಡ್ಜ್‌ನಲ್ಲಿ ಲಭ್ಯ. ಕರ್ನಾಟಕದ ಯಾವ ತಾಲ್ಲೂಕು ಕೇಂದ್ರದಲ್ಲಿ ಈ ಪೋಸ್ಟರ್ ಇಲ್ಲ? ಧಾತು ನಷ್ಟವಾಗಿ ಮೈ ಕರಗುತ್ತಿದೆ ಎಂದು ಹೆದರುವ ಯುವಕರ ಸಂಕಟವನ್ನು ಮನೋವೈದ್ಯ ಎನ್.ಎನ್. ವಿಗ್ 1960ರಲ್ಲೇ ಗುರುತಿಸಿ ಅದಕ್ಕೆ 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು. ಆ ಹಳೆಯ ಭಯಕ್ಕೆ ಈಗ ಹೊಸ ಅಂಗಿ ಸಿಕ್ಕಿದೆ. ಶಿಲಾಜಿತು, ಅಶ್ವಗಂಧದ ಡಬ್ಬಿಗಳ ಮೇಲೆ 'ಟೆಸ್ಟೋ ಬೂಸ್ಟರ್' ಎಂದು ಅಚ್ಚಾಗಿರುತ್ತದೆ. ಗಿಡಮೂಲಿಕೆಯದೆಂದು ಮಾರುವ ಇಂಥ ಪುಡಿ, ಮಾತ್ರೆಗಳಲ್ಲಿ ನಿಮಿರುವಿಕೆಗೆ ಕೊಡುವ ಸಿಲ್ಡೆನಾಫಿಲ್ ಔಷಧ ಬೆರೆಸಿದ್ದು ಹಲವು ದೇಶಗಳಲ್ಲಿ ಸಿಕ್ಕಿಬಿದ್ದಿದೆ. ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರು ಅದನ್ನು ಅರಿಯದೆ ನುಂಗಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಅಪಾಯ.

ಒಂದು ಉದಾಹರಣೆ ಇಟ್ಟುಕೊಳ್ಳೋಣ. 46 ವರ್ಷದ ರೈಟರೊಬ್ಬರು ತೋಟದ ಕೆಲಸ ಮುಗಿಸಿ, ಸಂಜೆ ನಾಲ್ಕರ ಬಸ್ಸಿಗೆ ಕುಶಾಲನಗರಕ್ಕೆ ಬರುತ್ತಾರೆ. ಹೇಗೂ ಬಂದದ್ದಾಯಿತು ಎಂದು ಲ್ಯಾಬಿನಲ್ಲಿ 'ಪುರುಷರ ಪ್ಯಾಕೇಜ್' ಪರೀಕ್ಷೆಗೆ ರಕ್ತ ಕೊಡುತ್ತಾರೆ. ಹಿಂದಿನ ವಾರವಷ್ಟೇ ಜ್ವರದಿಂದ ಎದ್ದವರು, ಮಧ್ಯಾಹ್ನ ಹೊಟ್ಟೆತುಂಬ ಉಂಡವರು. ಎರಡು ದಿನ ಬಿಟ್ಟು ರಿಪೋರ್ಟು ಮೊಬೈಲಿಗೆ ಬರುತ್ತದೆ: ಟೆಸ್ಟೋಸ್ಟೆರಾನ್ 260, ಪಕ್ಕದಲ್ಲಿ ಕೆಂಪು ಬಾಣ. ಆ ಕೆಂಪು ಬಾಣವನ್ನು ನೋಡಿದ ಮೇಲೆ ಅವರಿಗೆ ಬೇರೇನೂ ಕಾಣುವುದಿಲ್ಲ. ತಮ್ಮ ಸುಸ್ತಿಗೆ, ಸಿಡುಕಿಗೆ, ಸಂಸಾರದ ಬೇಸರಕ್ಕೆ ಕಾರಣ ಸಿಕ್ಕಿತು ಎಂದುಕೊಳ್ಳುತ್ತಾರೆ.

ಆ 260ಕ್ಕೆ ಬೆಲೆಯಿಲ್ಲ. ಟೆಸ್ಟೋಸ್ಟೆರಾನ್ ಬೆಳಗಿನ ಜಾವ ಏರಿ ಸಂಜೆಗೆ ಇಳಿಯುವ ಹಾರ್ಮೋನು. ಅದಕ್ಕೇ ಬೆಳಿಗ್ಗೆ ಹತ್ತರೊಳಗೆ, ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಸಕ್ಕರೆ ಹೊಟ್ಟೆಗೆ ಹೋದರೂ ಪ್ರಮಾಣ ತಾತ್ಕಾಲಿಕವಾಗಿ ಇಳಿಯುತ್ತದೆ, ಆದ್ದರಿಂದ ಆ ದಿನ ಬೆಲ್ಲದ ಕಾಫಿಯನ್ನೂ ಲ್ಯಾಬಿನಿಂದ ಹೊರಗೆ ಬಂದ ಮೇಲೆಯೇ ಕುಡಿಯಬೇಕು. ಜ್ವರ, ಆಪರೇಷನ್ನು, ನಿದ್ದೆಯಿಲ್ಲದ ರಾತ್ರಿಗಳು ಕೆಲವು ದಿನಗಳ ಮಟ್ಟಿಗೆ ಇದನ್ನು ತಗ್ಗಿಸುತ್ತವೆ. ಕಾಯಿಲೆಯಿಂದ ಪೂರ್ತಿ ಚೇತರಿಸಿಕೊಂಡ ಮೇಲೆ ಪರೀಕ್ಷೆ ಮಾಡಿಸಬೇಕು. ಮೊದಲ ಸಲ ಕಡಿಮೆ ಬಂದರೆ ಇನ್ನೊಂದು ಬೆಳಿಗ್ಗೆ ಮತ್ತೆ ನೋಡಬೇಕು. ಮೊದಲ ಸಲ ಕಡಿಮೆ ಬಂದವರಲ್ಲಿ ಅನೇಕರದು ಎರಡನೇ ಸಲ ಸರಿಯಾಗಿಯೇ ಇರುತ್ತದೆ. ಎರಡೂ ಬೆಳಗಿನ ಅಂಕಿ ಕಡಿಮೆಯಿದ್ದು, ಜೊತೆಗೆ ಲಕ್ಷಣಗಳೂ ಇದ್ದರೆ ಮಾತ್ರ ಕೊರತೆ ಎಂಬ ಮಾತು. ರಕ್ತದಲ್ಲಿನ ಟೆಸ್ಟೋಸ್ಟೆರಾನಿನ ಬಹುಪಾಲು ಪ್ರೋಟೀನುಗಳಿಗೆ ಅಂಟಿಕೊಂಡಿರುತ್ತದೆ, ಬಿಡಿಯಾಗಿರುವುದು ಶೇ 2ರಷ್ಟು. ದಪ್ಪಗಿರುವವರಲ್ಲಿ ಅದನ್ನು ಹಿಡಿದಿಡುವ ಪ್ರೋಟೀನೇ ಕಡಿಮೆ ಇರುವುದರಿಂದ ಒಟ್ಟು ಅಂಕಿ ತಗ್ಗಿದ್ದರೂ ಬಿಡಿ ಹಾರ್ಮೋನು ಸಾಕಷ್ಟಿರಬಹುದು. ಅದನ್ನೂ ಲೆಕ್ಕ ಹಾಕಿಸಬೇಕಾಗುತ್ತದೆ.

ಲಕ್ಷಣ ಯಾವುದು ಎಂಬುದರಲ್ಲೂ ಎಚ್ಚರ ಬೇಕು. ಯುರೋಪಿನ ಎಂಟು ಕೇಂದ್ರಗಳಲ್ಲಿ 40ರಿಂದ 79 ವರ್ಷದ 3,369 ಗಂಡಸರನ್ನು ಪರೀಕ್ಷಿಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಹಾರ್ಮೋನಿನ ಕೊರತೆಯ ಜೊತೆ ಗಟ್ಟಿಯಾಗಿ ಹೆಣೆದುಕೊಂಡಿದ್ದ ಲಕ್ಷಣಗಳು ಮೂರು: ಬೆಳಿಗ್ಗೆ ತಾನಾಗಿ ಆಗುವ ನಿಮಿರುವಿಕೆ ವಿರಳವಾಗುವುದು, ಕಾಮಾಸಕ್ತಿ ಇಳಿಯುವುದು, ಕೂಡುವಾಗ ನಿಮಿರುವಿಕೆ ಸಾಲದಾಗುವುದು. ಈ ಮೂರೂ ಇದ್ದು ಹಾರ್ಮೋನೂ ಕಡಿಮೆ ಇದ್ದವರು ಶೇ 2.1 ಮಾತ್ರ. ಸುಸ್ತು, ಬೇಸರ, ಮರೆವು ನೂರು ಕಾರಣಗಳಿಂದ ಬರುತ್ತವೆ. ಥೈರಾಯ್ಡ್, ರಕ್ತಹೀನತೆ, ಖಿನ್ನತೆ, ಗೊರಕೆಯ ನಡುವೆ ಉಸಿರು ನಿಲ್ಲುವ ನಿದ್ರಾ ತೊಂದರೆ, ಕುಡಿತ, ಸಾಲ. ನಿಮಿರುವಿಕೆಯ ತೊಂದರೆಗೂ ಹಾರ್ಮೋನಿಗಿಂತ ಹೆಚ್ಚಾಗಿ ಸಕ್ಕರೆ ಕಾಯಿಲೆ, ಬೀಡಿ-ಸಿಗರೇಟು, ಕಿರಿದಾದ ರಕ್ತನಾಳಗಳೇ ಕಾರಣ. ಹೃದಯದ ರಕ್ತನಾಳ ಕಟ್ಟಿಕೊಳ್ಳುವ ಕೆಲವು ವರ್ಷ ಮೊದಲೇ ಆ ತೊಂದರೆ ನಿಮಿರುವಿಕೆಯಲ್ಲಿ ಕಾಣಿಸಿಕೊಳ್ಳಬಹುದು. ಲಾಡ್ಜ್ ಡಾಕ್ಟರ ಪುಡಿ ತಿಂದು ಸುಮ್ಮನಾದವನಿಗೆ ಆ ಮುನ್ಸೂಚನೆಯೂ ಕೈತಪ್ಪುತ್ತದೆ.

ಇನ್ನು ಈ ಹಾರ್ಮೋನು ಹುಟ್ಟುವ ಬಗೆ. ಮಿದುಳಿನ ತಳದ ಹೈಪೊಥಲಾಮಸ್ ತನ್ನ ಕೆಳಗಿರುವ, ಬಟಾಣಿ ಕಾಳಿನಷ್ಟಿರುವ ಪಿಟ್ಯುಟರಿ ಗ್ರಂಥಿಗೆ ಸೂಚನೆ ಕೊಡುತ್ತದೆ. ಪಿಟ್ಯುಟರಿ ಎರಡು ಹಾರ್ಮೋನುಗಳನ್ನು ರಕ್ತಕ್ಕೆ ಬಿಡುತ್ತದೆ, ಎಲ್‌ಎಚ್ ಮತ್ತು ಎಫ್‌ಎಸ್‌ಎಚ್. ಎಲ್‌ಎಚ್ ಬೀಜದಲ್ಲಿರುವ ಲೈಡಿಗ್ ಕೋಶಗಳನ್ನು ಎಬ್ಬಿಸಿ ದಿನಕ್ಕೆ 5ರಿಂದ 7 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ತಯಾರಿಸುತ್ತದೆ. ಎಫ್‌ಎಸ್‌ಎಚ್ ವೀರ್ಯಾಣು ಬೆಳೆಸುವ ಕೋಶಗಳನ್ನು ನೋಡಿಕೊಳ್ಳುತ್ತದೆ. ಮನೆಯ ಮೇಲಿನ ಟ್ಯಾಂಕಿ ತುಂಬಿದಾಗ ಫ್ಲೋಟ್ ವಾಲ್ವ್ ಮೇಲೆದ್ದು ನೀರು ನಿಲ್ಲಿಸುವ ಹಾಗೆ, ರಕ್ತದಲ್ಲಿ ಟೆಸ್ಟೋಸ್ಟೆರಾನ್ ಸಾಕಷ್ಟಾದ ಕೂಡಲೇ ಮಿದುಳು ಈ ಎರಡನ್ನೂ ತಗ್ಗಿಸುತ್ತದೆ. ಹೊರಗಿನಿಂದ ಚುಚ್ಚಿದ ಹಾರ್ಮೋನು ಯಾವುದು, ಒಳಗೇ ಹುಟ್ಟಿದ್ದು ಯಾವುದು ಎಂದು ಮಿದುಳು ಬೇರೆ ಮಾಡುವುದಿಲ್ಲ.

ಈ ಎರಡು ಹಾರ್ಮೋನುಗಳು ಬೇರೆ ಬೇರೆ ಕೆಲಸ ಮಾಡುವುದನ್ನು ಬಿಡಿಸಿ ನೋಡಿದವರಲ್ಲಿ ಒಬ್ಬರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನುಗ್ಗೇಹಳ್ಳಿ ರಘುವೀರ ಮೌದ್ಗಲ್. ನಮ್ಮ ಊರುಗಳ ದೇವಸ್ಥಾನದ ಮುಂದೆ ಬಾಳೆಹಣ್ಣು ಕಸಿಯುವ ಸಾಮಾನ್ಯ ಕೋತಿ ಇದೆಯಲ್ಲ, ಬಾನೆಟ್ ಮಕಾಕ್, ಅದರ ಮೇಲೆ ಅವರು ದಶಕಗಳ ಕಾಲ ಕೆಲಸ ಮಾಡಿದರು. ಗಂಡು ಕೋತಿಗಳಿಗೆ ಎಫ್‌ಎಸ್‌ಎಚ್ ವಿರುದ್ಧ ಲಸಿಕೆ ಕೊಟ್ಟಾಗ ಟೆಸ್ಟೋಸ್ಟೆರಾನ್ ಹಾಗೇ ಇದ್ದು ವೀರ್ಯಾಣುಗಳು ಮಾತ್ರ ಕುಸಿದವು. ಗಂಡಸರಿಗೊಂದು ಗರ್ಭನಿರೋಧಕ ಸಿಗಲಿ ಎಂಬುದು ಅವರ ಗುರಿ. ಆದರೆ ನನ್ನ ಪಾಲಿಗೆ ಆ ಕೆಲಸದ ಬೆಲೆ ಇನ್ನೊಂದಿದೆ. ಗಂಡಸುತನದ ಲಕ್ಷಣಗಳೂ ಮಕ್ಕಳಾಗುವ ಶಕ್ತಿಯೂ ಬೇರೆ ಬೇರೆ ದಾರಿಯಲ್ಲಿ ಸಾಗುತ್ತವೆ, ಒಂದು ಗಟ್ಟಿಯಾಗಿದ್ದೂ ಇನ್ನೊಂದು ಬರಿದಾಗಬಹುದು ಎಂಬುದನ್ನು ಅದು ಕಣ್ಣೆದುರು ಇಟ್ಟಿತು.

ಹೊರಗಿನಿಂದ ಟೆಸ್ಟೋಸ್ಟೆರಾನ್ ಕೊಟ್ಟಾಗ ಎಲ್‌ಎಚ್, ಎಫ್‌ಎಸ್‌ಎಚ್ ಎರಡೂ ಕೆಳಗಿಳಿಯುತ್ತವೆ. ವೀರ್ಯಾಣು ಬೆಳೆಯಲು ಬೀಜದೊಳಗೆ ರಕ್ತದಲ್ಲಿರುವುದಕ್ಕಿಂತ ಹತ್ತಾರು ಪಟ್ಟು ಟೆಸ್ಟೋಸ್ಟೆರಾನ್ ಬೇಕು. ಅದು ಅಲ್ಲೇ ಹುಟ್ಟಬೇಕೇ ಹೊರತು ಸೂಜಿಯಿಂದ ಅಲ್ಲಿಗೆ ತಲುಪುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಏಳು ದೇಶಗಳಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಕೊಡಿಸಿ ನೋಡಿತು. ಅವರಲ್ಲಿ 157 ಮಂದಿಯ ವೀರ್ಯದಲ್ಲಿ ಆರು ತಿಂಗಳೊಳಗೆ ಒಂದೂ ವೀರ್ಯಾಣು ಉಳಿಯಲಿಲ್ಲ. 1990ರಲ್ಲಿ ಪ್ರಕಟವಾದ ಈ ಫಲಿತಾಂಶ ಗರ್ಭನಿರೋಧದ ದೃಷ್ಟಿಯಿಂದ ಯಶಸ್ಸು. ಮಗುವಿಗಾಗಿ ಕಾಯುತ್ತಿರುವ ದಂಪತಿಗೆ ಅದೇ ಸಿಡಿಲು.

ಮದುವೆಯಾಗಿ ನಾಲ್ಕು ವರ್ಷವಾದರೂ ಮಕ್ಕಳಾಗದ ಗಂಡಸು 'ಶಕ್ತಿ ಬರಲಿ' ಎಂದು ಇದೇ ಇಂಜೆಕ್ಷನ್ ತೆಗೆದುಕೊಂಡರೆ ಇದ್ದಬದ್ದ ವೀರ್ಯಾಣುವೂ ಹೋಗುತ್ತದೆ. ಅತ್ತ ಮನೆಯಲ್ಲಿ ಹೆಂಡತಿಗೆ ಪರೀಕ್ಷೆಯ ಮೇಲೆ ಪರೀಕ್ಷೆ, ಹರಕೆಯ ಮೇಲೆ ಹರಕೆ. ಮುಂದೆ ಮಗು ಬೇಕೇ ಎಂಬ ಪ್ರಶ್ನೆ ಸೂಜಿಯ ಮೊದಲು ಕೇಳಲೇಬೇಕಾದ ಪ್ರಶ್ನೆ. ಡಾಕ್ಟರು ಕೇಳದಿದ್ದರೆ ಗಂಡಸೇ ಹೇಳಬೇಕು. ಔಷಧ ನಿಲ್ಲಿಸಿದ ಮೇಲೆ ಬಹುಪಾಲು ಜನರಲ್ಲಿ ವೀರ್ಯಾಣು ಮರಳುತ್ತದೆ ನಿಜ, ಆದರೆ ತಿಂಗಳುಗಳು ಹಿಡಿಯುತ್ತವೆ, ಕೆಲವರಿಗೆ ವರ್ಷಕ್ಕೂ ಮೀರಿ. ಮಗು ಬೇಕೆನ್ನುವವರಿಗೆ ಬೇರೆ ದಾರಿಯಿದೆ: ಎಲ್‌ಎಚ್‌ನ ಕೆಲಸ ಮಾಡುವ ಎಚ್‌ಸಿಜಿ ಇಂಜೆಕ್ಷನ್, ಕೆಲವರಿಗೆ ಕ್ಲೋಮಿಫೀನ್ ಮಾತ್ರೆ. ಇವು ಬೀಜಗಳನ್ನು ಮಲಗಿಸುವ ಬದಲು ಎಬ್ಬಿಸುತ್ತವೆ.

ಜಿಮ್ ಹುಡುಗರ ಕಥೆಯೂ ಇದೇ ಜಾಡಿನದು. ಮೂರು ತಿಂಗಳಲ್ಲಿ ತೋಳು ಉಬ್ಬಿಸಲು ಅವರು ಚುಚ್ಚಿಕೊಳ್ಳುವ ಪ್ರಮಾಣ ಚಿಕಿತ್ಸೆಯದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನಿಲ್ಲಿಸಿದಾಗ ಸ್ವಂತ ಉತ್ಪಾದನೆ ಸತ್ತಂತೆ ಬಿದ್ದಿರುತ್ತದೆ, ಹುಡುಗ ಮಂಕಾಗುತ್ತಾನೆ, ಬೀಜ ಸಣ್ಣದಾಗುತ್ತದೆ, ಎದೆ ಊದಿಕೊಳ್ಳಬಹುದು. ಟೆಸ್ಟೋಸ್ಟೆರಾನ್ ಡಾಕ್ಟರ ಚೀಟಿಯಿಲ್ಲದೆ ಮಾರಬಾರದ ಷೆಡ್ಯೂಲ್ ಎಚ್ ಔಷಧ, ಕ್ರೀಡಾಪಟುಗಳಿಗಂತೂ ನಿಷಿದ್ಧ. ಮನೆಮನೆಯಲ್ಲೂ ಹಾಕಿ ಸ್ಟಿಕ್ ಇರುವ ಜಿಲ್ಲೆಯಲ್ಲಿ ತರಬೇತುದಾರರು ಇದನ್ನು ಹುಡುಗರಿಗೆ ಬಾಯಿಬಿಟ್ಟು ಹೇಳಬೇಕು.

ಕೊರತೆ ಖಚಿತವಾದವರಿಗೆ ಚಿಕಿತ್ಸೆ ಹೇಗಿರುತ್ತದೆ? ಭಾರತದಲ್ಲಿ ಹೆಚ್ಚಾಗಿ ಬಳಕೆಯಲ್ಲಿರುವುದು ಇಂಜೆಕ್ಷನ್. ಟೆಸ್ಟೋಸ್ಟೆರಾನ್ ನೀರಿನಲ್ಲಿ ಕರಗುವುದಿಲ್ಲ, ಹಾಗಾಗಿ ಅದನ್ನು ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಎನಾಂಥೇಟ್ ರೂಪದ್ದು ಸಾಮಾನ್ಯವಾಗಿ ಎಳ್ಳೆಣ್ಣೆಯಲ್ಲಿ, ಸಸ್ಟನಾನ್ ಕಡಲೆಕಾಯಿ ಎಣ್ಣೆಯಲ್ಲಿ, ಮೂರು ತಿಂಗಳಿಗೊಮ್ಮೆ ಹಾಕುವ ಅಂಡೆಕನೋಯೇಟ್ ಹರಳೆಣ್ಣೆಯಲ್ಲಿ. ಕಡಲೆಕಾಯಿ ಅಲರ್ಜಿ ಇದ್ದವರು ಸಸ್ಟನಾನ್‌ಗೆ ಮುಂಚೆ ಹೇಳಲೇಬೇಕು. ಹರಳೆಣ್ಣೆಯದು 1000 ಮಿಲಿಗ್ರಾಂ, 4 ಮಿಲಿಲೀಟರ್. ಪೃಷ್ಠದ ಮಾಂಸಖಂಡದ ಆಳಕ್ಕೆ, ಎರಡು ನಿಮಿಷವಾದರೂ ಹಿಡಿಯುವಂತೆ ನಿಧಾನವಾಗಿ ತಳ್ಳಬೇಕು. ಅವಸರ ಮಾಡಿದರೆ ಎಣ್ಣೆಯ ಸೂಕ್ಷ್ಮ ಹನಿಗಳು ಶ್ವಾಸಕೋಶ ಸೇರಿ ಕೆಮ್ಮು, ಉಸಿರುಕಟ್ಟುವಿಕೆ ಬರಬಹುದು, ಆದ್ದರಿಂದ ಚುಚ್ಚಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂರಿಸುತ್ತಾರೆ. ಎರಡನೆಯದು ಆರು ವಾರಕ್ಕೆ, ಆಮೇಲೆ 10ರಿಂದ 14 ವಾರಕ್ಕೊಂದು. ಎರಡು-ಮೂರು ವಾರಕ್ಕೊಮ್ಮೆ ಹಾಕುವ ಇಂಜೆಕ್ಷನ್‌ಗಳಲ್ಲಿ ಏರಿಳಿತ ಜಾಸ್ತಿ. ಮೊದಲ ವಾರ ಹುರುಪು, ಕೊನೆಯ ವಾರ ಕುಸಿತ, ಸಿಡುಕು. ಗಂಡನಿಗಿಂತ ಮೊದಲು ಹೆಂಡತಿ ಅದನ್ನು ಗುರುತಿಸುತ್ತಾಳೆ.

ಜೆಲ್ ಇನ್ನೊಂದು ದಾರಿ. ಪ್ರತಿದಿನ ಬೆಳಿಗ್ಗೆ ಭುಜಕ್ಕೆ ಹಚ್ಚಿ, ಒಣಗಿಸಿ, ಅಂಗಿ ತೊಟ್ಟು, ಕೈಯನ್ನು ಸೋಪಿನಲ್ಲಿ ತೊಳೆಯಬೇಕು. ಇದರಲ್ಲಿ ಮನೆಯವರಿಗೇ ಒಂದು ಅಪಾಯವಿದೆ. ಹಚ್ಚಿದ ಜಾಗ ಮಗುವಿನ ಮೈಗೆ ತಾಗುತ್ತಿದ್ದರೆ ಆ ಪುಟ್ಟ ಮೈಗೆ ಹಾರ್ಮೋನು ಸೇರಿ, ವಯಸ್ಸಿಗೆ ಮೀರಿದ ಕೂದಲು, ಜನನಾಂಗದ ಬೆಳವಣಿಗೆ ಕಾಣಿಸಿಕೊಳ್ಳುತ್ತದೆ. ಇಂಥ ಪ್ರಕರಣಗಳನ್ನು ನೋಡಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2009ರಲ್ಲಿ ಜೆಲ್ ಪೊಟ್ಟಣಗಳ ಮೇಲೆ ಕಟುವಾದ ಎಚ್ಚರಿಕೆ ಹಾಕಿಸಿತು. ಒಂದೇ ಕೋಣೆಯಲ್ಲಿ ಅಪ್ಪನ ಭುಜದ ಮೇಲೆ ತಲೆಯಿಟ್ಟು ಮಲಗುವ ಮಕ್ಕಳಿರುವ ಮನೆಗೆ ಇಂಜೆಕ್ಷನ್ನೇ ಮೇಲು ಎಂಬುದು ನನ್ನ ಅಭಿಪ್ರಾಯ. ನುಂಗುವ ಅಂಡೆಕನೋಯೇಟ್ ಕ್ಯಾಪ್ಸೂಲೂ ಇದೆ. ಜಿಡ್ಡಿರುವ ಊಟದ ಜೊತೆ ತೆಗೆದುಕೊಂಡರೆ ಮಾತ್ರ ಮೈಗೆ ಹತ್ತುತ್ತದೆ.

ಫಲ ಎಷ್ಟು? ಬೀಜವೋ ಪಿಟ್ಯುಟರಿಯೋ ನಿಜಕ್ಕೂ ಕೆಟ್ಟಿರುವವರಿಗೆ ಇದು ಬದುಕು ಬದಲಿಸುವ ಔಷಧ. ಆಸೆ, ಗಡ್ಡ, ಮಾಂಸಖಂಡ, ಮೂಳೆಯ ಗಟ್ಟಿತನ, ರಕ್ತ ಎಲ್ಲವೂ ಸುಧಾರಿಸುತ್ತವೆ. ವಯಸ್ಸಾಗುತ್ತ ಹಾರ್ಮೋನು ತುಸು ಇಳಿದವರ ಮಾತು ಬೇರೆ. 65 ದಾಟಿದ 790 ಗಂಡಸರಿಗೆ ಒಂದು ವರ್ಷ ಜೆಲ್ ಕೊಟ್ಟು ನೋಡಿದ ಅಮೆರಿಕದ ಪರೀಕ್ಷೆಯ ಫಲಿತಾಂಶ 2016ರಲ್ಲಿ ಬಂತು. ಲೈಂಗಿಕ ಆಸಕ್ತಿ, ಸಾಮರ್ಥ್ಯ ಒಂದಿಷ್ಟು ಸುಧಾರಿಸಿದವು. ಯಾವುದಕ್ಕಾಗಿ ಹೆಚ್ಚಿನವರು ಬರುತ್ತಾರೋ ಆ ಸುಸ್ತಿನಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ಚುಚ್ಚಿಸಿಕೊಂಡ ಮರುದಿನವೇ ಹುರುಪು ಬಂತು ಎನ್ನುವವರಿದ್ದಾರಲ್ಲ ಎಂದು ಕೇಳಬಹುದು. 1889ರಲ್ಲಿ ಪ್ಯಾರಿಸ್ಸಿನ ಹೆಸರಾಂತ ವೈದ್ಯ ವಿಜ್ಞಾನಿ ಬ್ರೌನ್-ಸೆಕಾರ್ ತಮ್ಮ 72ನೇ ವಯಸ್ಸಿನಲ್ಲಿ ನಾಯಿ ಮತ್ತು ಗಿನಿಪಿಗ್ ಬೀಜದ ರಸವನ್ನು ತಮಗೇ ಚುಚ್ಚಿಕೊಂಡು, ಯೌವನ ಮರಳಿತು ಎಂದು ಸಭೆಯಲ್ಲಿ ಘೋಷಿಸಿದ್ದರು. ಅದು ನೀರಿನಲ್ಲಿ ಅರೆದ ರಸ, ಟೆಸ್ಟೋಸ್ಟೆರಾನ್ ಅದರಲ್ಲಿ ಇದ್ದುದು ಇಲ್ಲವೆನ್ನುವಷ್ಟು ಕಡಿಮೆ. ಅಷ್ಟು ದೊಡ್ಡ ವಿಜ್ಞಾನಿಯ ಮೈಯೇ ನಂಬಿಕೆಗೆ ಸ್ಪಂದಿಸಿತ್ತು. ಶುದ್ಧ ಟೆಸ್ಟೋಸ್ಟೆರಾನ್ ಕೈಗೆ ಸಿಕ್ಕಿದ್ದು 1935ರಲ್ಲಿ, ಆಮ್‌ಸ್ಟರ್‌ಡ್ಯಾಮಿನ ಅರ್ನ್‌ಸ್ಟ್ ಲಾಕರ್ ತಂಡ ಹೋರಿಯ ಬೀಜದಿಂದ ಬೇರ್ಪಡಿಸಿದಾಗ. ಅದೇ ವರ್ಷ ಬುಟೆನಾಂಟ್ ಮತ್ತು ರುಜಿಚ್ಕಾ ಪ್ರಯೋಗಾಲಯದಲ್ಲಿ ಅದನ್ನು ತಯಾರಿಸಿದರು. 1939ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಹಂಚಿಕೆಯಾಯಿತು.

ಅಪಾಯದ ಬಗ್ಗೆ ಎರಡೂ ಕಡೆಯ ಅತಿಮಾತು ಬೇಡ. ಹೃದ್ರೋಗವಿದ್ದ ಅಥವಾ ಬರುವ ಸಾಧ್ಯತೆ ಹೆಚ್ಚಿದ್ದ 5,246 ಗಂಡಸರ ಮೇಲೆ ನಡೆದ 'ಟ್ರಾವರ್ಸ್' ಅಧ್ಯಯನ 2023ರಲ್ಲಿ ಪ್ರಕಟವಾಯಿತು. ಹೃದಯಾಘಾತ, ಪಾರ್ಶ್ವವಾಯು, ಹೃದ್ರೋಗದ ಸಾವು ಒಟ್ಟು ಸೇರಿ ಔಷಧ ಪಡೆದವರಲ್ಲಿ ಶೇ 7, ಹುಸಿ ಔಷಧ ಪಡೆದವರಲ್ಲಿ ಶೇ 7.3. ಹೃದಯ ಒಡೆಯುತ್ತದೆ ಎಂಬ ಹಳೆಯ ಭಯ ಅಷ್ಟರಮಟ್ಟಿಗೆ ತಗ್ಗಿತು. ಆದರೆ ಹೃದಯದ ಬಡಿತ ತಾಳ ತಪ್ಪುವ ಏಟ್ರಿಯಲ್ ಫಿಬ್ರಿಲೇಷನ್, ಶ್ವಾಸಕೋಶದಲ್ಲಿ ರಕ್ತ ಹೆಪ್ಪುಗಟ್ಟುವುದು, ಮೂಳೆ ಮುರಿತ ಇವು ಔಷಧ ಪಡೆದವರಲ್ಲಿ ಸ್ವಲ್ಪ ಹೆಚ್ಚಿದ್ದವು. ರಕ್ತ ದಪ್ಪವಾಗುವುದು ಇದರ ಎಲ್ಲರೂ ಬಲ್ಲ ಅಡ್ಡಪರಿಣಾಮ. ರಕ್ತದಲ್ಲಿ ಕೆಂಪುಕಣಗಳ ಪಾಲು, ಅಂದರೆ ಹೆಮಟೋಕ್ರಿಟ್, ಶೇ 54 ದಾಟಿದರೆ ಔಷಧ ನಿಲ್ಲಿಸಬೇಕು. ಶುರುಮಾಡುವ ಮುಂಚೆ, ಆಮೇಲೆ ಮೂರರಿಂದ ಆರು ತಿಂಗಳಿಗೆ, ನಂತರ ವರ್ಷಕ್ಕೊಮ್ಮೆ ಇದನ್ನೂ ಹಾರ್ಮೋನಿನ ಮಟ್ಟವನ್ನೂ ನೋಡಬೇಕು. ವಯಸ್ಸಿಗೆ ತಕ್ಕಂತೆ ಪ್ರೊಸ್ಟೇಟ್‌ನ ಪಿಎಸ್‌ಎ ಪರೀಕ್ಷೆಯೂ ಬೇಕು. ಪ್ರೊಸ್ಟೇಟ್ ಕ್ಯಾನ್ಸರ್ ಇರುವವರಿಗೆ, ಈಚಿನ ಆರು ತಿಂಗಳಲ್ಲಿ ಹೃದಯಾಘಾತವಾದವರಿಗೆ ಇದು ಬೇಡ.

ಸಕ್ಕರೆ ಕಾಯಿಲೆ, ಹೊಟ್ಟೆಯ ಬೊಜ್ಜು ಇರುವವರದು ಬೇರೆಯೇ ಗುಂಪು. ಟೈಪ್ 2 ಮಧುಮೇಹಿ ಗಂಡಸರಲ್ಲಿ ಸುಮಾರು ಮೂವರಲ್ಲಿ ಒಬ್ಬರ ಹಾರ್ಮೋನು ಕಡಿಮೆ ಎಂದು ಸಂದೀಪ್ ಧಿಂಡ್ಸಾ, ಪರೇಶ್ ದಂಡೋನ ಮುಂತಾದವರು ಅಮೆರಿಕದ ಬಫಲೋದಲ್ಲಿ 2004ರಲ್ಲೇ ತೋರಿಸಿದ್ದರು. ಇಲ್ಲಿ ಗ್ರಂಥಿ ಕೆಟ್ಟಿರುವುದಿಲ್ಲ, ಬೊಜ್ಜು ಮಿದುಳಿನ ಸೂಚನೆಯನ್ನೇ ಅಡಗಿಸಿರುತ್ತದೆ. ತೂಕ ಇಳಿದಂತೆ ಇವರ ಟೆಸ್ಟೋಸ್ಟೆರಾನ್ ತಾನಾಗಿ ಏರುತ್ತದೆ. ಗಲ್ಲಾದ ಹಿಂದಿನಿಂದ ಎದ್ದು ದಿನಕ್ಕೊಂದು ಗಂಟೆ ನಡೆಯುವುದು, ಸಂಜೆಯ ಕುಡಿತ ಬಿಡುವುದು, ಗೊರಕೆಗೆ ಚಿಕಿತ್ಸೆ ಮಾಡಿಸುವುದು ಅವರ ಪಾಲಿನ ಮೊದಲ ಔಷಧ. ದೀರ್ಘಕಾಲದ ಕುಡಿತ ಯಕೃತ್ತನ್ನೂ ಬೀಜವನ್ನೂ ಒಟ್ಟಿಗೆ ಹಾಳುಮಾಡುತ್ತದೆ. ಹಬ್ಬ, ಮದುವೆ, ಮರಣ ಎಲ್ಲದರಲ್ಲೂ ಗ್ಲಾಸು ಹಿಡಿಯುವ ಕಡೆ ಇದನ್ನು ಹೇಳುವುದು ಅಪ್ರಿಯ, ಆದರೂ ಹೇಳಬೇಕು.

ಈಗ ಮನೆಯಲ್ಲೇ ಉಳಿದುಬಿಡುವವರ ಮಾತು. ಇವರಲ್ಲಿ ಹೆಚ್ಚಿನವರು ಹುಡುಗರು.

ಗಂಡುಮಕ್ಕಳಲ್ಲಿ ಸುಮಾರು 600ಕ್ಕೆ ಒಬ್ಬ ಒಂದು ಹೆಚ್ಚುವರಿ ಎಕ್ಸ್ ಕ್ರೋಮೋಸೋಮಿನ ಜೊತೆ ಹುಟ್ಟುತ್ತಾನೆ. 1942ರಲ್ಲಿ ಹ್ಯಾರಿ ಕ್ಲೈನ್‌ಫೆಲ್ಟರ್ ವಿವರಿಸಿದ ಸ್ಥಿತಿ ಇದು. ಹೆಚ್ಚುವರಿ ಕ್ರೋಮೋಸೋಮು ಪತ್ತೆಯಾದದ್ದು 1959ರಲ್ಲಿ, ಎಡಿನ್‌ಬರೋದ ಪೆಟ್ರೀಷಿಯಾ ಜೇಕಬ್ಸ್ ಮತ್ತು ಜಾನ್ ಸ್ಟ್ರಾಂಗ್ ಅವರಿಂದ. ಹುಡುಗ ಎತ್ತರ ಬೆಳೆಯುತ್ತಾನೆ, ಕಾಲು ಉದ್ದ, ಗಡ್ಡ-ಮೀಸೆ ವಿರಳ, ಎದೆ ಸ್ವಲ್ಪ ಊದಿರಬಹುದು, ಬೀಜ ಪುಟ್ಟದಾಗಿ ಗಟ್ಟಿಯಾಗಿರುತ್ತದೆ. ಶಾಲೆಯಲ್ಲಿ ಗೆಳೆಯರ ಗೇಲಿಗೆ ಅಂಗಿ ಬಿಚ್ಚಿ ಹೊಳೆಗೆ ಇಳಿಯುವುದನ್ನೇ ಬಿಡುತ್ತಾನೆ. ಬಹಳ ಮಂದಿಗೆ ಇದು ಗೊತ್ತಾಗುವುದು ಮದುವೆಯಾಗಿ ಮಕ್ಕಳಾಗದೆ ಪರೀಕ್ಷೆಗೆ ಹೋದಾಗ, ಇನ್ನೂ ಎಷ್ಟೋ ಮಂದಿಗೆ ಜೀವಮಾನದಲ್ಲೇ ಗೊತ್ತಾಗುವುದಿಲ್ಲ.

ಕಾಲ್‌ಮನ್ ಸಿಂಡ್ರೋಮ್ ಇನ್ನೂ ವಿರಳ. ಗರ್ಭದಲ್ಲಿರುವಾಗ, ಮುಂದೆ ಪಿಟ್ಯುಟರಿಗೆ ಸೂಚನೆ ಕೊಡಬೇಕಾದ ನರಕೋಶಗಳು ಮೂಗಿನ ಕಡೆಯಿಂದ ಹೊರಟು ಹೈಪೊಥಲಾಮಸ್ ಸೇರಬೇಕು. ಆ ಪಯಣ ಅರ್ಧಕ್ಕೇ ನಿಂತರೆ ಹುಡುಗನಿಗೆ ಪ್ರಾಯವೂ ಬರುವುದಿಲ್ಲ, ವಾಸನೆಯೂ ತಿಳಿಯುವುದಿಲ್ಲ. ಮಾರ್ಚ್-ಏಪ್ರಿಲ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬೆಳ್ಳಗಾದಾಗ, ಮನೆಮಂದಿಯೆಲ್ಲ ಕಾಫಿ ಹೂವಿನ ಘಮದ ಮಾತಾಡುವಾಗ, 16ರ ಹುಡುಗನೊಬ್ಬ ನನಗೇನೂ ಗೊತ್ತಾಗುವುದಿಲ್ಲ ಎಂದರೆ, ಅವನಿಗೆ ಇನ್ನೂ ಧ್ವನಿ ಒಡೆದಿರದಿದ್ದರೆ, ತಾಯಿತಂದೆ ಈ ಎರಡನ್ನೂ ಸೇರಿಸಿ ಡಾಕ್ಟರಿಗೆ ಹೇಳಬೇಕು. ರೋಗ ಪತ್ತೆಗೆ ಅದಕ್ಕಿಂತ ದೊಡ್ಡ ಸುಳಿವು ಬೇಕಿಲ್ಲ. ಬೀಜಕ್ಕೆ ಪೆಟ್ಟು ಕೊಡಬಲ್ಲ ಮಂಗನಬಾವಿನ, ಅಂದರೆ ಮಂಪ್ಸ್‌ನ, ಮಾತೂ ಸೇರಿಸಬೇಕು. 2017ರಲ್ಲಿ ಕರ್ನಾಟಕದಲ್ಲೂ ಆರಂಭವಾದ ಸರ್ಕಾರಿ ಎಂಆರ್ ಲಸಿಕೆಯಲ್ಲಿ ದಡಾರ, ರುಬೆಲ್ಲಾಗೆ ಮಾತ್ರ ರಕ್ಷಣೆ, ಮಂಪ್ಸ್‌ಗೆ ಇಲ್ಲ. ಪ್ರಾಯ ಬಂದ ಮೇಲೆ ಮಂಪ್ಸ್ ಆದ ಗಂಡಸರಲ್ಲಿ ಕೆಲವರಿಗೆ ಬೀಜವೂ ಊದಿಕೊಳ್ಳುತ್ತದೆ, ಸಾಮಾನ್ಯವಾಗಿ ಒಂದು ಕಡೆ. ಎರಡೂ ಕಡೆ ಬಲವಾಗಿ ಹೊಡೆದರೆ ಮುಂದೆ ಕೊರತೆ ಕಾಣಬಹುದು.

'ತಡವಾಗಿ ಬೆಳೀತಾನೆ ಬಿಡಿ, ಅವರಪ್ಪನೂ ಹಾಗೇ' ಎನ್ನುವುದು ಬಹಳ ಸಲ ನಿಜವೇ. ತಡವಾಗುವ ಹುಡುಗರಲ್ಲಿ ಹೆಚ್ಚಿನವರು ತಾವಾಗಿಯೇ ಪ್ರಾಯಕ್ಕೆ ಬರುತ್ತಾರೆ. ಕೆಲವರಿಗೆ ಮೂರರಿಂದ ಆರು ತಿಂಗಳು ಸಣ್ಣ ಪ್ರಮಾಣದ ಟೆಸ್ಟೋಸ್ಟೆರಾನ್ ಕೊಟ್ಟು ಚಾಲನೆ ಕೊಡುವುದೂ ಉಂಟು. ಆದರೆ 14 ತುಂಬಿದರೂ ಬೀಜಗಳು ಬೆಳೆಯಲು ತೊಡಗದಿದ್ದರೆ ತೋರಿಸಲೇಬೇಕು. ಡಾಕ್ಟರ ಬಳಿ ಇದಕ್ಕೊಂದು ಸಾಧನವಿದೆ: ಸ್ವಿಟ್ಜರ್ಲೆಂಡಿನ ಆಂದ್ರೆಯಾ ಪ್ರಾಡರ್ 1966ರಲ್ಲಿ ಪರಿಚಯಿಸಿದ 12 ಮಣಿಗಳ ಸರ. 1ರಿಂದ 25 ಮಿಲಿಲೀಟರ್‌ವರೆಗಿನ ಮಣಿಗಳು. ಒಂದು ಕೈಯಲ್ಲಿ ಮಣಿ ಮುಟ್ಟಿ, ಇನ್ನೊಂದು ಕೈಯಲ್ಲಿ ಹುಡುಗನ ಬೀಜ ಮುಟ್ಟಿ ಹೋಲಿಸುತ್ತಾರೆ. 4 ಮಿಲಿಲೀಟರ್ ಮಣಿಯಷ್ಟಾದರೆ ಪ್ರಾಯ ಶುರುವಾಗಿದೆ ಎಂದರ್ಥ. ಒಂದು ನಿಮಿಷದ, ನೋವಿಲ್ಲದ, ಖರ್ಚಿಲ್ಲದ ಪರೀಕ್ಷೆ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ 18 ವರ್ಷದವರೆಗಿನ ಮಕ್ಕಳ ಆರೋಗ್ಯ ತಪಾಸಣೆಗೆ ಸರ್ಕಾರಿ ಶಾಲೆಗಳಿಗೆ ತಂಡಗಳು ಬರುತ್ತವೆ. ಹಲ್ಲು, ಕಣ್ಣು, ರಕ್ತಹೀನತೆ ನೋಡುವಾಗ ಎತ್ತರದ, ಮಂಕಾದ, ಧ್ವನಿ ಒಡೆಯದ ಹುಡುಗನನ್ನು ಪಕ್ಕಕ್ಕೆ ಕರೆದು ಮಾತಾಡಿಸಿದರೆ ಅರ್ಧ ಕೆಲಸ ಮುಗಿದಂತೆ. ಶಾಲೆಯ ಪಿ.ಇ. ಮೇಷ್ಟ್ರುಗಳ ಕಣ್ಣಿಗೆ ಇದು ಎಲ್ಲರಿಗಿಂತ ಮೊದಲು ಬೀಳುತ್ತದೆ. ಮುಂದಿನ ಹೆಜ್ಜೆ ಮಡಿಕೇರಿಯ ಕೊಡಗು ವೈದ್ಯಕೀಯ ವಿಜ್ಞಾನಗಳ ಸಂಸ್ಥೆ. ಹಾರ್ಮೋನು ತಜ್ಞರೇ ಬೇಕೆಂದಾದರೆ ಸಾಮಾನ್ಯವಾಗಿ ಮೈಸೂರು, 80 ಚಿಲ್ಲರೆ ಕಿಲೋಮೀಟರ್. ರಕ್ತ ಕೊಡುವುದಿದ್ದರೆ ಬೆಳಗಿನ ಮೊದಲ ಬಸ್ಸಿಗೇ ಹೊರಡಬೇಕು, ಇಲ್ಲವೇ ಕುಶಾಲನಗರದಲ್ಲೇ ಬೆಳಿಗ್ಗೆ ಕೊಟ್ಟು ರಿಪೋರ್ಟು ಒಯ್ಯಬೇಕು.

ಪ್ರಾಯವೇ ಬಾರದ ಹುಡುಗನಿಗೆ ಚಿಕಿತ್ಸೆ ಸಣ್ಣ ಪ್ರಮಾಣದಿಂದ ಶುರುವಾಗಿ, ತಿಂಗಳುಗಳು ಕಳೆದಂತೆ ನಿಧಾನವಾಗಿ ಏರುತ್ತದೆ. ಧ್ವನಿ ಒಡೆಯುತ್ತದೆ, ಮೀಸೆ ಚಿಗುರುತ್ತದೆ, ಮೂಳೆ ಗಟ್ಟಿಯಾಗುತ್ತದೆ. ಕಾಲ್‌ಮನ್ ಇರುವವನಿಗೆ ಮುಂದೆ ಮಗು ಬೇಕೆನಿಸಿದಾಗ ಟೆಸ್ಟೋಸ್ಟೆರಾನ್ ನಿಲ್ಲಿಸಿ ಎಚ್‌ಸಿಜಿ, ಎಫ್‌ಎಸ್‌ಎಚ್ ಇಂಜೆಕ್ಷನ್ ಕೊಡುತ್ತಾರೆ. ಆರು ತಿಂಗಳಿಂದ ಎರಡು ವರ್ಷದವರೆಗೆ ಹಿಡಿದರೂ ಅನೇಕರು ತಂದೆಯಾಗುತ್ತಾರೆ. ಕ್ಲೈನ್‌ಫೆಲ್ಟರ್ ಇರುವವರಲ್ಲೂ ಸೂಕ್ಷ್ಮ ಶಸ್ತ್ರಚಿಕಿತ್ಸೆಯಿಂದ ಬೀಜದೊಳಗೆ ವೀರ್ಯಾಣು ಹುಡುಕಿ ತೆಗೆಯುವುದು ಒಂದಷ್ಟು ಮಂದಿಗೆ ಸಾಧ್ಯವಾಗಿದೆ. ಆದ್ದರಿಂದ ಹದಿನಾರರಲ್ಲಿ ಮಾಡಿಸಿದ ಕ್ರೋಮೋಸೋಮ್ ರಿಪೋರ್ಟು, ಚಿಕಿತ್ಸೆಗೆ ಮುಂಚಿನ ಎಲ್‌ಎಚ್, ಎಫ್‌ಎಸ್‌ಎಚ್ ಅಂಕಿಗಳು, ಯಾವ ಇಂಜೆಕ್ಷನ್ ಎಷ್ಟು ವರ್ಷ ನಡೆಯಿತು ಎಂಬ ಚೀಟಿಗಳಿರುವ ಫೈಲನ್ನು ಜಮೀನಿನ ಪತ್ರಗಳ ಜೊತೆಯಲ್ಲೇ ಜೋಪಾನವಾಗಿ ಎತ್ತಿಡಿ. ಹತ್ತು-ಹನ್ನೆರಡು ವರ್ಷದ ನಂತರ ಅವನೂ ಅವನ ಹೆಂಡತಿಯೂ ಮಕ್ಕಳಾಗಲು ಚಿಕಿತ್ಸೆ ಕೊಡುವ ಡಾಕ್ಟರ ಮುಂದೆ ಕುಳಿತಾಗ ಮೊದಲು ಕೇಳುವುದು ಅದನ್ನೇ.